ಜತ್ತಕ್ಕೆ ಹೊರಟವರು ಪುಣೆಗೆ ಯಾಕೆ ಇಳಿಯಬೇಕು?

ಜತ್ತ ತಾಲ್ಲೂಕಿನ ಗುಡ್ಡಾಪುರದ ದಾನಮ್ಮ ದೇವಿಯ ದರ್ಶನಕ್ಕೋ, ಉಮದಿ, ಸಂಖ ಕಡೆಯ ಬೀಗರ ಮನೆಗೋ ವಿಮಾನದಲ್ಲಿ ಬರುವವರು ಈಗ ಅಪರೂಪವಲ್ಲ. ಇಳಿದ ಮೇಲೆ ಬಾಡಿಗೆ ಕಾರು ಹಿಡಿಯುವಾಗ ಮಾತ್ರ ಅವರಿವರು ಹೇಳಿದ್ದನ್ನೇ ನಂಬಿ ಕೈ ಸುಟ್ಟುಕೊಳ್ಳುತ್ತಾರೆ.

"ಜತ್ತ ಮಹಾರಾಷ್ಟ್ರದಲ್ಲಿದೆ, ಪುಣೆಗೇ ಇಳಿಯಬೇಕು."

ಪುಣೆಯಿಂದ ಜತ್ತಕ್ಕೆ ಮುನ್ನೂರು ಕಿ.ಮೀ. ಆಸುಪಾಸು. ಜತ್ತ ಇರುವ ಸಾಂಗ್ಲಿ ಜಿಲ್ಲೆಯಲ್ಲಿ ಪ್ರಯಾಣಿಕ ವಿಮಾನ ಇಳಿಯುವ ನಿಲ್ದಾಣ ಇಲ್ಲ, ನಿಜ. ಆದರೆ ಕೊಲ್ಹಾಪುರದ ಉಜಳಾಯಿವಾಡಿ ನಿಲ್ದಾಣ ಪುಣೆಯ ಅರ್ಧದಷ್ಟು ದೂರದಲ್ಲಿದೆ. ಸೊಲ್ಲಾಪುರ ಇನ್ನೂ ಹತ್ತಿರ. ಅಲ್ಲಿ 2025ರ ಜೂನ್‌ನಲ್ಲಿ ಪ್ರಯಾಣಿಕ ವಿಮಾನ ಶುರುವಾಯಿತು. ಬೆಳಗಾವಿಯ ಸಾಂಬ್ರಾದಲ್ಲಿ ಇಳಿದರೆ ಅಥಣಿ ಮಾರ್ಗವಾಗಿ ಸುಮಾರು 180 ಕಿ.ಮೀ. ಇವೆಲ್ಲ ಸಣ್ಣ ನಿಲ್ದಾಣಗಳು. ಹೊರಗೆ ಬಂದ ಕೂಡಲೇ ಬಾಡಿಗೆ ಕಾರು ಸಾಲುಗಟ್ಟಿ ನಿಂತಿರುತ್ತವೆ ಎಂದುಕೊಳ್ಳಬೇಡಿ, ಮೊದಲೇ ಗೊತ್ತು ಮಾಡಿಕೊಳ್ಳಿ.

"ಪರಿಚಯದವರ ವೈಟ್ ಬೋರ್ಡ್ ಕಾರು ಇದೆಯಲ್ಲ, ಅದೇ ಅಗ್ಗ."

ಎಲ್ಲಕ್ಕಿಂತ ದುಬಾರಿಯಾಗುವ ನಂಬಿಕೆ ಇದೇ. ಬಿಳಿ ಫಲಕದ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಸ್ವಂತ ಬಳಕೆಯ ವಾಹನ. ಹಳದಿ ಮೇಲೆ ಕಪ್ಪು ಅಕ್ಷರ ಚಾಲಕನಿರುವ ಟ್ಯಾಕ್ಸಿಗೆ. ಕಪ್ಪು ಮೇಲೆ ಹಳದಿ ಅಕ್ಷರ ನೀವೇ ಓಡಿಸುವ ಬಾಡಿಗೆ ಕಾರಿಗೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬಾಡಿಗೆಗೆ ಓಡಿಸಲು ಪರ್ಮಿಟ್ ಬೇಕು. ಖಾಸಗಿ ಕಾರಿನ ವಿಮೆ ಬಾಡಿಗೆ ಬಳಕೆಗೆ ಅನ್ವಯಿಸುವುದಿಲ್ಲ. ದಾರಿಯಲ್ಲಿ ಅಪಘಾತವಾಗಿ, ಕಾರು ಬಾಡಿಗೆಯದ್ದೆಂದು ಗೊತ್ತಾದರೆ ಕಂಪನಿ ಪರಿಹಾರ ನಿರಾಕರಿಸಬಹುದು. ಆಮೇಲೆ ಪರಿಚಯವೂ ಉಳಿಯುವುದಿಲ್ಲ, ಉಳಿಸಿದ ದುಡ್ಡೂ ಉಳಿಯುವುದಿಲ್ಲ.

ಸರಿಯಾದ ಬಾಡಿಗೆ ಕಾರಿಗೆ ವಿಮೆ ಇದೆ ಎಂದು ನಿಶ್ಚಿಂತರಾಗುವುದೂ ಬೇಡ. ಹಾನಿಯಲ್ಲಿ ಇಂತಿಷ್ಟು ಮೊತ್ತ ಬಾಡಿಗೆದಾರರ ಪಾಲಿಗೆ ಎಂದು ಕರಾರಿನಲ್ಲಿ ಬರೆದಿರುವುದುಂಟು. ಟೈರು ಒಡೆದರೆ, ಕುಡಿದು ಓಡಿಸಿದರೆ ಹೊಣೆ ನಿಮ್ಮದೇ. ಕೀಲಿ ಕೈಗೆ ಬರುವ ಮೊದಲೇ ಕಾರಿನ ಸುತ್ತ ಒಂದು ವಿಡಿಯೊ ತೆಗೆದಿಟ್ಟುಕೊಳ್ಳಿ.

"ಹೋದಷ್ಟು ದೂರಕ್ಕೆ ಬಾಡಿಗೆ."

ಹೊರ ಊರಿನ ಟ್ಯಾಕ್ಸಿಯ ಲೆಕ್ಕ ಹಾಗಿಲ್ಲ. ದಿನಕ್ಕೆ ಕನಿಷ್ಠ 250 ಇಲ್ಲವೇ 300 ಕಿ.ಮೀ. ಹಿಡಿಯುವುದು ರೂಢಿ. ನಿಮ್ಮನ್ನು ಬಿಟ್ಟು ಖಾಲಿ ಮರಳುವ ದಾರಿಯೂ ಲೆಕ್ಕಕ್ಕೆ ಸೇರುತ್ತದೆ. ಚಾಲಕನ ಭತ್ಯೆ, ಟೋಲ್ ಬೇರೆ. ಅನೇಕರು ರಾತ್ರಿ ಹನ್ನೆರಡಕ್ಕೆ ದಿನ ಮುಗಿಸುತ್ತಾರೆ. ಸಂಜೆ ಏಳಕ್ಕೆ ಹತ್ತಿದವರಿಗೆ ಮರುದಿನ ಬೆಳಿಗ್ಗೆಯೇ ಎರಡು ದಿನದ ಬಿಲ್ಲು. ದರ ಕೇಳುವಾಗಲೇ ಇದನ್ನೂ ಕೇಳಿ.

"ಗಡಿ ದಾಟಿದರೆ ತೆರಿಗೆ."

ಸ್ವಂತ ಕಾರಿಗೆ ಬರೀ ಗಡಿ ದಾಟಿದ್ದಕ್ಕೆ ತೆರಿಗೆಯಿಲ್ಲ. ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇರುವ ಬಾಡಿಗೆ ಗಾಡಿಗೂ ಗಡಿಯಲ್ಲಿ ಬೇರೆ ಪರ್ಮಿಟ್ ಬೇಕಿಲ್ಲ. ಅದಿಲ್ಲದ ಬಾಡಿಗೆ ಗಾಡಿ ಒಳಹೋಗುವ ರಾಜ್ಯದ ತೆರಿಗೆ ಕಟ್ಟಬೇಕು. ಕರ್ನಾಟಕ, ಮಹಾರಾಷ್ಟ್ರ ಎರಡರಲ್ಲೂ ಓಡಾಡುತ್ತೇನೆಂದು ಮೊದಲೇ ಹೇಳಿದರೆ ಸಾಕು. ಹೇಳಲೇಬೇಕು, ಏಕೆಂದರೆ ಜತ್ತದವರ ನೆರೆಯ ನಗರ ವಿಜಯಪುರ. ಗುಹಾಗರ–ವಿಜಯಪುರ ಹೆದ್ದಾರಿ ಜತ್ತದ ಮೇಲೇ ಹಾದುಹೋಗುತ್ತದೆ.

ಆ ನಗರದ ಬಗ್ಗೆಯೂ ಒಂದು ಹಳೆಯ ಪಾಠವಿದೆ: ಗೋಳಗುಮ್ಮಟ ಜಗತ್ತಿನ ಎರಡನೇ ದೊಡ್ಡ ಗುಮ್ಮಟ. ಅಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಈ ಗೋರಿಯ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ರೋಮ್‌ನ ಪ್ಯಾಂಥಿಯನ್ 43 ಮೀಟರ್, ಸೇಂಟ್ ಪೀಟರ್ಸ್ 41ಕ್ಕೂ ಮಿಕ್ಕು. ಇವೆರಡೂ ಇದಕ್ಕಿಂತ ಮೊದಲಿನವು. ಗೋಳಗುಮ್ಮಟದ ಹಿರಿಮೆ ಬೇರೆಯದು: ಒಳಗೆ ಒಂದೂ ಕಂಬವಿಲ್ಲದೆ 18,000 ಚದರಡಿಗೂ ಹೆಚ್ಚಿನ ನೆಲ. ಇದು ಪ್ಯಾಂಥಿಯನ್‌ಗಿಂತಲೂ ಜಾಸ್ತಿ. ಒಂದನ್ನೊಂದು ಹಾಯುವ ಕಮಾನುಗಳು ಗುಮ್ಮಟದ ಭಾರ ಹೊತ್ತಿವೆ.

"ಜತ್ತದಲ್ಲಿ ಬರ ಬಿಟ್ಟರೆ ನೋಡಲು ಏನಿದೆ? ಮರಾಠಿ ಬಾರದಿದ್ದರೆ ಕಷ್ಟ" ಎನ್ನುವವರು ತಾಲ್ಲೂಕಿನ ಪೂರ್ವದ ಊರುಗಳಿಗೆ ಹೋಗಿಲ್ಲ. ಅಲ್ಲಿ ದಾರಿ ಕೇಳಲು ಕನ್ನಡ ಸಾಕು. ದಾನಮ್ಮ ಹುಟ್ಟಿದಳೆನ್ನುವ ಉಮರಾಣಿಯೂ ಇದೇ ತಾಲ್ಲೂಕು. ಛಟ್ಟಿ ಅಮಾವಾಸ್ಯೆಗೆ ಕರ್ನಾಟಕದ ಭಕ್ತರು ಗುಡ್ಡಾಪುರಕ್ಕೆ ಪಾದಯಾತ್ರೆಯಲ್ಲಿ ಬರುತ್ತಾರೆ, ರಾತ್ರಿಯೂ ನಡೆಯುತ್ತಾರೆ. ಆ ದಿನಗಳಲ್ಲಿ ಈ ದಾರಿಗೆ ಬಂದರೆ ಕಾರನ್ನು ಹಗಲಲ್ಲೇ, ನಿಧಾನವಾಗಿ ಓಡಿಸಿ.