ಅಂಚು ಬಿಸಿ, ನಡು ತಣ್ಣಗೆ: ನಮ್ಮ ಮನೆಯ ಮೈಕ್ರೋವೇವ್

ಊರಿನಿಂದ ಅಪ್ಪ ಅಮ್ಮ ಕೆಂಟನ್ನಿಗೆ ಬಂದಾಗ, ಬೆಳಗ್ಗೆ ಕೆಲಸಕ್ಕೆ ಓಡುವ ಮೊದಲು ನಾವು ಹೇಳಿ ಹೋಗುವ ಮಾತು ಒಂದೇ: "ಅಮ್ಮಾ, ಅನ್ನ ಫ್ರಿಜ್ಜಲ್ಲಿದೆ, ಮೈಕ್ರೋವೇವಲ್ಲಿ ಎರಡು ನಿಮಿಷ ಇಟ್ಕೊಳ್ಳಿ." ಆ ಎರಡು ನಿಮಿಷದಲ್ಲಿ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆಂದು ಹೇಳಿಕೊಡಲು ನಮಗೆ ಪುರುಸೊತ್ತಿರುವುದಿಲ್ಲ. ನಿಜ ಹೇಳಬೇಕೆಂದರೆ, ನಮಗೂ ಸರಿಯಾಗಿ ಗೊತ್ತಿರುವುದಿಲ್ಲ.

ಈ ಪೆಟ್ಟಿಗೆಗೂ ನಮ್ಮ ಬಡಾವಣೆಗೂ ಹಳೆಯ ನಂಟಿದೆ. ಇದರ ಜೀವಾಳ ಮ್ಯಾಗ್ನೆಟ್ರಾನ್ ಎಂಬ ಸಾಧನ. 1940ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ರ‍್ಯಾಂಡಲ್ ಮತ್ತು ಬೂಟ್ ರೇಡಾರಿಗೆಂದು ಇದರ ಹೊಸ ಮಾದರಿಯೊಂದನ್ನು ರೂಪಿಸಿದರು. ಅದನ್ನು ವಿಮಾನದಲ್ಲಿ ಬಳಸಬಹುದಾದಷ್ಟು ಹಗುರ ಮಾಡಿದವರು ಜಿ.ಇ.ಸಿ. ಕಂಪನಿಯ ವೆಂಬ್ಲಿ ಪ್ರಯೋಗಾಲಯದ ಎರಿಕ್ ಮೆಗಾ. ಆ ಪ್ರಯೋಗಾಲಯವಿದ್ದದ್ದು ಈಸ್ಟ್ ಲೇನಿನಲ್ಲಿ. ಕೆಂಟನ್ನಿನಿಂದ ಬೇಕರ್ಲೂ ರೈಲು ಹತ್ತಿದರೆ ಎರಡನೆಯ ನಿಲ್ದಾಣ ನಾರ್ತ್ ವೆಂಬ್ಲಿ, ಅಲ್ಲೇ ಹತ್ತಿರ. ಅದೇ ವರ್ಷ ಮ್ಯಾಗ್ನೆಟ್ರಾನ್ ಅಮೆರಿಕಕ್ಕೆ ಹೋಯಿತು. 1945ರಲ್ಲಿ ಅಲ್ಲಿನ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್, ಇದರಿಂದ ಅಡುಗೆಯನ್ನೂ ಮಾಡಬಹುದೆಂದು ಕಂಡುಕೊಂಡರು. ಜೇಬಿನಲ್ಲಿದ್ದ ಚಾಕೊಲೇಟ್ ಕರಗಿ ಅವರಿಗೆ ಈ ಸುಳಿವು ಸಿಕ್ಕಿತೆಂಬ ಕಥೆ ಪ್ರಸಿದ್ಧ.

ಒಲೆಯ ಮೇಲೆ ಮೊದಲು ಪಾತ್ರೆ ಕಾಯುತ್ತದೆ, ಆಮೇಲೆ ಅನ್ನ. ಇಲ್ಲಿ ಹಾಗಲ್ಲ. ತರಂಗಗಳು ಅನ್ನದಲ್ಲಿರುವ ನೀರಿನ ಅಣುಗಳನ್ನೇ ಅಲುಗಾಡಿಸಿ ಶಾಖ ಹುಟ್ಟಿಸುತ್ತವೆ. "ಒಳಗಿನಿಂದ ಹೊರಕ್ಕೆ ಬೇಯುತ್ತದೆ" ಎಂಬ ಮಾತು ಸರಿಯಲ್ಲ. ತರಂಗಗಳು ಒಳಹೋಗುವುದು ಎರಡು ಮೂರು ಸೆಂಟಿಮೀಟರ್ ಮಾತ್ರ. ಗೋಡೆಗಳಿಗೆ ಬಡಿದು ಹಿಂದಿರುಗುವಾಗ ಅವು ಒಂದು ಕಡೆ ಪ್ರಬಲವಾಗಿ, ಇನ್ನೊಂದು ಕಡೆ ದುರ್ಬಲವಾಗಿರುತ್ತವೆ. ತಟ್ಟೆ ತಿರುಗುವುದು ಇದಕ್ಕಾಗಿಯೇ. ಆದರೂ ಬಿಸಿಬೇಳೆ ಭಾತಿನ ಅಂಚು ಕುದಿಯುತ್ತಿರುವಾಗ ನಡು ತಣ್ಣಗಿರಬಹುದು. ಇನ್ನು ವಿಕಿರಣದ ಭಯ: ಬಾಗಿಲು ತೆರೆದೊಡನೆ ತರಂಗ ನಿಲ್ಲುತ್ತದೆ, ಆಹಾರದಲ್ಲಿ ಏನೂ ಉಳಿಯುವುದಿಲ್ಲ.

ಭಯಪಡಬೇಕಾದದ್ದು ಬೇರೆ ಇದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳಿರಬಹುದು. ಬೇಯಿಸಿದರೂ ಅವು ಸಾಯುವುದಿಲ್ಲ. ಅನ್ನವನ್ನು ರಾತ್ರಿಯಿಡೀ ಹೊರಗೆ ಬಿಟ್ಟರೆ ಬ್ಯಾಕ್ಟೀರಿಯಾ ಬೆಳೆದು ವಿಷ ಉತ್ಪಾದಿಸಬಹುದು. ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬೆಳಗಿನ ಚಿತ್ರಾನ್ನಕ್ಕೆಂದು ರಾತ್ರಿಯ ಅನ್ನವನ್ನು ಮುಚ್ಚಿಡುವ ನಮ್ಮಂಥವರು ಇದನ್ನು ಮರೆಯಬಾರದು. ಇಲ್ಲಿನ ಆಹಾರ ಗುಣಮಟ್ಟ ಸಂಸ್ಥೆಯ ಸಲಹೆ ಇಷ್ಟು: ಮಿಕ್ಕ ಅನ್ನವನ್ನು ಸಾಧ್ಯವಾದರೆ ಒಂದು ಗಂಟೆಯೊಳಗೆ ತಣಿಸಿ ಫ್ರಿಜ್ಜಿಗಿಡಿ, 24 ಗಂಟೆಯೊಳಗೆ ತಿನ್ನಿ, ಒಮ್ಮೆ ಮಾತ್ರ ಪೂರ್ತಿ ಹಬೆಯಾಡುವಂತೆ ಬಿಸಿ ಮಾಡಿ.

ಬಿಸಿ ಮಾಡುವಾಗ ಅನ್ನವನ್ನು ಗುಡ್ಡೆ ಹಾಕದೆ ಹರಡಿ, ಒಂದು ಚಮಚ ನೀರು ಚಿಮುಕಿಸಿ, ಸಡಿಲವಾಗಿ ಮುಚ್ಚಿಡಿ. ಅರ್ಧದಲ್ಲಿ ಕಲಸಿ. ಹೊರತೆಗೆದ ಮೇಲೆ ಒಂದು ನಿಮಿಷ ಬಿಟ್ಟು ಮತ್ತೆ ಕಲಸಿದರೆ ಬಿಸಿ ನಡುವಿಗೂ ತಲುಪುತ್ತದೆ. ಊರಿನಿಂದ ತಂದ ಸ್ಟೀಲ್ ಡಬ್ಬಿಯಾಗಲಿ, ಚಿನ್ನದ ಅಂಚಿನ ತಟ್ಟೆಯಾಗಲಿ ಬೇಡ, ಕಿಡಿ ಹಾರಬಹುದು. ವ್ಯಾಟನ್ನೂ ಗಮನಿಸಿ: 900 ವ್ಯಾಟಿಗೆ 4 ನಿಮಿಷ ಬೇಕಾದದ್ದಕ್ಕೆ 700 ವ್ಯಾಟಿನಲ್ಲಿ 5 ನಿಮಿಷಕ್ಕೂ ತುಸು ಹೆಚ್ಚು ಬೇಕು. ಒಗ್ಗರಣೆ ಮಾತ್ರ ಒಲೆಯ ಮೇಲೆಯೇ ಆಗಲಿ!

ಇನ್ನು ಮುಂದೆ ಕೆಲಸಕ್ಕೆ ಹೊರಡುವಾಗ ನಮ್ಮ ಮಾತು ಸ್ವಲ್ಪ ಉದ್ದವಾಗಲಿ: "ಅಮ್ಮಾ, ಅರ್ಧದಲ್ಲಿ ಒಂದ್ಸಲ ಕಲಸಿ, ನಡುವೆಯೂ ಹಬೆ ಬಂದ ಮೇಲೇ ಬಡಿಸ್ಕೊಳ್ಳಿ."