ತೊಟ್ಟಿಲ ಹೊಳಪಿನ ಹಿಂದಿನ ಹುಳು

ಚನ್ನಪಟ್ಟಣದ ತೊಟ್ಟಿಲ ಗುಂಡಿಗೆ ಯಾರೂ ಬ್ರಷ್ಷಿನಲ್ಲಿ ಬಣ್ಣ ಬಳಿದಿರುವುದಿಲ್ಲ. ಲೇತಿನಲ್ಲಿ ಗಿರ್ರನೆ ತಿರುಗುವ ಹಾಲೆ ಮರದ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅದರ ಮೇಲೆ ಒಣಗಿದ ತಾಳೆ ಗರಿ ಒತ್ತಿದರೆ ಮೈ ನುಣುಪಾಗಿ ಹೊಳೆಯುತ್ತದೆ. ದೀಪದ ಕಂಬಕ್ಕೂ ಪರದೆಯ ಮಣಿಗೂ ಇದೇ ಕೆಲಸ.

ಆ ಅರಗು ಒಂದು ಹುಳು ಕಟ್ಟಿದ ಗೂಡು. ಜಾರ್ಖಂಡ್, ಛತ್ತೀಸಗಢದ ಕಡೆ ಮುತ್ತುಗ, ಎಲಚಿ ಮರಗಳ ಎಳೆ ಕೊಂಬೆಗಳ ಮೇಲೆ ಅರ್ಧ ಮಿಲಿಮೀಟರಿನಷ್ಟಿರುವ ಮರಿಗಳು ಗುಂಪುಗುಂಪಾಗಿ ಕೂತು, ತೊಗಟೆಗೆ ಸೂಜಿಯಂಥ ಬಾಯಿ ಇಳಿಸಿ ರಸ ಹೀರುತ್ತವೆ. ಮೈಯಿಂದ ಒಸರುವ ಅಂಟು ಗಟ್ಟಿಯಾಗಿ, ಅಕ್ಕಪಕ್ಕದ ಗೂಡುಗಳು ಕೂಡಿಕೊಂಡು ಕೊಂಬೆಯ ಸುತ್ತ ಕಂದು ಹೊರಪದರವಾಗುತ್ತವೆ. ಹೆಣ್ಣು ಒಮ್ಮೆ ಕೂತರೆ ಮುಗಿಯಿತು, ಕಾಲೂ ಉಳಿಯುವುದಿಲ್ಲ. ಅದರ ಇಡೀ ಬಾಳು ಆ ಗೂಡಿನೊಳಗೇ. ಮರಿ ಹೊರಡುವ ಹೊತ್ತಿಗೆ ರೈತರು ಆ ಕಡ್ಡಿಗಳನ್ನು ಕೊಯ್ದು ಬೇರೆ ಮರಕ್ಕೆ ಕಟ್ಟುತ್ತಾರೆ. ಉಳಿದದ್ದನ್ನು ಕೆರೆದು, ಕುಟ್ಟಿ, ತೊಳೆದು, ಕರಗಿಸಿ ಸೋಸುತ್ತಾರೆ.

ಪಾಂಡವರ ಅರಗಿನ ಮನೆಯ ಕಥೆ ನಮಗೆಲ್ಲ ಗೊತ್ತು. ಆದರೆ ಯುರೋಪಿನ ವ್ಯಾಪಾರಿಗಳು ಮೊದಲು ಬೆನ್ನು ಹತ್ತಿದ್ದು ಅರಗಿನ ಜೊತೆ ಸಿಗುವ ಕೆಂಪು ಬಣ್ಣವನ್ನು. 19ನೇ ಶತಮಾನದ ಉತ್ತರಾರ್ಧದಲ್ಲಿ ರಾಸಾಯನಿಕ ಬಣ್ಣಗಳು ಬಂದು ಅದನ್ನು ಮೂಲೆಗೊತ್ತಿದವು. ಅರಗಿಗೆ ಮಾತ್ರ ಬೇಡಿಕೆ ಏರಿತು: ಪೀಠೋಪಕರಣದ ಪಾಲಿಷ್‌ಗೂ ಗ್ರಾಮಫೋನ್ ತಟ್ಟೆಗೂ ಅದೇ ಬೇಕಿತ್ತು. 1924ರಲ್ಲಿ ರಾಂಚಿ ಬಳಿಯ ನಾಮ್ಕುಮ್‌ನಲ್ಲಿ ಅರಗಿನ ಸಂಶೋಧನಾ ಸಂಸ್ಥೆಯೇ ಶುರುವಾಯಿತು.

ಚನ್ನಪಟ್ಟಣಕ್ಕೆ ಈ ಕಲೆ ಬಂದದ್ದು ಟಿಪ್ಪು ಕರೆಸಿದ ಪರ್ಷಿಯಾದ ಕುಶಲಿಗರಿಂದ ಎಂಬುದು ಅಲ್ಲಿಯವರ ನಂಬಿಕೆ. ಜಪಾನಿನ ತಂತ್ರವನ್ನು ತಂದವರೆಂದು ಬವಾಸ್ ಮಿಯಾನ್ ಅವರನ್ನು ನೆನೆಯುತ್ತಾರೆ. ಈಗ ಅಗ್ಗದ ಪ್ಲಾಸ್ಟಿಕ್ಕಿನ ಎದುರು ಈ ಕಸುಬು ಏದುಸಿರು ಬಿಡುತ್ತಿರುವುದು ನನಗೆ ನಿಜಕ್ಕೂ ಸಂಕಟದ ಸಂಗತಿ, ಏಕೆಂದರೆ ಅರಗಿನಷ್ಟು ರಿಪೇರಿಗೆ ಒಗ್ಗುವ ಲೇಪ ಕಡಿಮೆ. ಅರಗಿನ ಪಾಲಿಷ್ ಇರುವ ಹಳೇ ಮೇಜಿನ ಮೇಲೆ ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಕಲೆ ಕೂರುತ್ತದೆ, ನಿಜ. ಆದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನಲ್ಲಿ ಬಟ್ಟೆಯುಂಡೆ ಅದ್ದಿ ಒರೆಸಿ. ಹೊಸ ಪದರ ಹಳೆಯದನ್ನು ಕರಗಿಸಿಕೊಂಡು ಅದರೊಳಗೇ ಬೆರೆಯುತ್ತದೆ. ಮೊದಲಿನದನ್ನು ಕೆರೆದು ತೆಗೆಯಬೇಕಿಲ್ಲ.