ಎಲೆಕ್ಟ್ರಿಕ್ ಗಿಟಾರ್: ಕೊಳ್ಳುವ ಮೊದಲು ಬಿಡಬೇಕಾದ ನಂಬಿಕೆಗಳು

ಎಲೆಕ್ಟ್ರಿಕ್ ಗಿಟಾರ್ ಕೊಳ್ಳಬೇಕೆಂದು ಬಾಯಿ ಬಿಟ್ಟರೆ ಸಾಕು, ಹತ್ತು ದಿಕ್ಕಿನಿಂದ ಸಲಹೆ ಬರುತ್ತದೆ. ಮಹಾಗನಿ ಮರದ್ದೇ ತಗೋ, ಅಮೆರಿಕದ್ದೇ ಆಗಬೇಕು, ಹಳೆಯದಾದಷ್ಟೂ ಒಳ್ಳೆಯದು, ಮೊದಲು ಅಕೂಸ್ಟಿಕ್ ಕಲಿ. ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಶುದ್ಧ ಸುಳ್ಳು. ಹವ್ಯಾಸಕ್ಕೆ ನುಡಿಸುವವರ ದುಡ್ಡು ಹೆಚ್ಚು ಪೋಲಾಗುವುದು ಈ ಅರ್ಧ ಸತ್ಯಗಳಿಂದಲೇ. ಈ ವಾದ್ಯದಲ್ಲಿ ಶಬ್ದ ಎಲ್ಲಿ ಹುಟ್ಟುತ್ತದೆ, ಕೈಗೆ ಹಗುರವಾಗುವುದು ಯಾವುದರಿಂದ ಎಂಬ ಎರಡು ಸಂಗತಿ ತಿಳಿದುಕೊಂಡರೆ ಅಂಗಡಿಯಲ್ಲಿ ಅರ್ಧ ಗೊಂದಲ ಇರುವುದಿಲ್ಲ.

ತಪ್ಪು ಕಲ್ಪನೆ 1: ನಾದವೆಲ್ಲ ಮರದ್ದು

ಸತ್ಯ: ವೀಣೆಗೂ ಅಕೂಸ್ಟಿಕ್ ಗಿಟಾರಿಗೂ ಈ ಮಾತು ಒಪ್ಪುತ್ತದೆ. ಅಲ್ಲಿ ತಂತಿಯ ಕಂಪನವನ್ನು ಗಾಳಿಗೆ ಮುಟ್ಟಿಸುವುದೇ ಮರ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಆ ಕೆಲಸ ಪಿಕಪ್‌ನದು. ತಂತಿಗಳ ಕೆಳಗೆ ಕೂತಿರುವ, ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಮಾದರಿಯ ಪಿಕಪ್ ಒಂದನ್ನು ಬಿಚ್ಚಿ ನೋಡಿ: ಆರು ಪುಟ್ಟ ಅಯಸ್ಕಾಂತಗಳು, ಅವುಗಳ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಏಳೆಂಟು ಸಾವಿರ ಸುತ್ತು. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಅದುರಿದಾಗ ಆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ತತ್ವವೇ ಇದು. ಅದೇ ಗಿಟಾರಿಗೆ ನೈಲಾನ್ ತಂತಿ ಹಾಕಿ ಮೀಟಿದರೆ ಮರ ಎಷ್ಟೇ ದುಬಾರಿಯದಾಗಿರಲಿ, ಸ್ಪೀಕರ್ ಬಾಯಿ ಬಿಡುವುದಿಲ್ಲ.

ಪುರಾವೆ ಇತಿಹಾಸದಲ್ಲೇ ಇದೆ. ಡ್ಯಾನೆಲೆಕ್ಟ್ರೊ ಕಂಪನಿ 1950ರ ದಶಕದಲ್ಲಿ ಮರದ ಚೌಕಟ್ಟಿನ ಮೇಲೆ ಹಾರ್ಡ್‌ಬೋರ್ಡ್ ಅಂಟಿಸಿ ಅಗ್ಗದ ಗಿಟಾರ್ ಮಾಡಿತು. ಲೆಡ್ ಜೆಪಲಿನ್‌ನ ಜಿಮ್ಮಿ ಪೇಜ್ ಅಂಥದ್ದನ್ನೇ ಹಿಡಿದು ದೊಡ್ಡ ವೇದಿಕೆಗಳಲ್ಲಿ ನುಡಿಸಿದರು. ಕ್ವೀನ್ ತಂಡದ ಬ್ರಯಾನ್ ಮೇ ತಮ್ಮ ತಂದೆಯೊಂದಿಗೆ ಸೇರಿ 1963ರಲ್ಲಿ ಮನೆಯಲ್ಲೇ ಗಿಟಾರ್ ಕಟ್ಟಲು ಶುರುಮಾಡಿದರು. ನೆಕ್‌ಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮಹಾಗನಿ, ಬಾಡಿಯ ಭಾಗಕ್ಕೆ ಓಕ್ ತುಂಡು ಮತ್ತು ಮರದ ತುಂಡುಗಳನ್ನು ಅಂಟಿಸಿದ ಬ್ಲಾಕ್‌ಬೋರ್ಡ್, ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳ ನಡುವಿನ ಚುಕ್ಕಿಗಳಿಗೆ ಮುತ್ತಿನ ಚಿಪ್ಪಿನ ಗುಂಡಿಗಳು. ಕ್ವೀನ್‌ನ ಹಾಡುಗಳಲ್ಲಿ ಜಗತ್ತು ಕೇಳಿದ್ದು ಬಹುಪಾಲು ಆ ಗಿಟಾರನ್ನೇ. ಆಂಪೆಗ್ ಕಂಪನಿ 1969ರಲ್ಲಿ ಪಾರದರ್ಶಕ ಅಕ್ರಿಲಿಕ್ ಬಾಡಿಯ ಗಿಟಾರನ್ನೇ ಮಾರುಕಟ್ಟೆಗೆ ಬಿಟ್ಟಿತು.

ಹಾಗಂತ ಮರ ಲೆಕ್ಕಕ್ಕೇ ಇಲ್ಲ ಎನ್ನುವುದೂ ಸರಿಯಲ್ಲ. ನೆಕ್ ಬಾಗದೆ ನಿಲ್ಲಲು ಒಳ್ಳೆಯ, ಚೆನ್ನಾಗಿ ಒಣಗಿದ ಮರ ಬೇಕು. ಹೆಗಲ ಮೇಲಿನ ತೂಕವೂ ಮರದ್ದೇ. ಆದರೆ ಸ್ಪೀಕರಿನಿಂದ ಬರುವ ಶಬ್ದದಲ್ಲಿ ಪಿಕಪ್ ಯಾವುದು, ಅದು ತಂತಿಗೆ ಎಷ್ಟು ಹತ್ತಿರ ಇದೆ, ತಂತಿಗಳ ಬುಡ ಹಿಡಿಯುವ ಬ್ರಿಡ್ಜ್ ಪಕ್ಕ ಇದೆಯೋ ನೆಕ್ ಪಕ್ಕ ಇದೆಯೋ, ಆ್ಯಂಪ್ ಮತ್ತು ಸ್ಪೀಕರ್ ಯಾವುದು ಎಂಬುದರ ಪಾಲು ಬಾಡಿಯ ಮರದ ಪಾಲಿಗಿಂತ ಬಹಳ ದೊಡ್ಡದು.

ತಪ್ಪು ಕಲ್ಪನೆ 2: ನೆಕ್ ಮೇಲೆ ರೋಸ್‌ವುಡ್ ಪಟ್ಟಿ ಇಲ್ಲದಿದ್ದರೆ ಅದು ಕಳಪೆ ಗಿಟಾರ್

ಸತ್ಯ: ಗಿಟಾರ್ ಕಂಪನಿಗಳು ಇಂಡಿಯನ್ ರೋಸ್‌ವುಡ್ ಎಂದು ಹೆಮ್ಮೆಯಿಂದ ಬರೆಯುವ ಮರ ಬೇರೆ ಯಾವುದೂ ಅಲ್ಲ, ನಮ್ಮ ಪಶ್ಚಿಮ ಘಟ್ಟದ ಬೀಟೆ. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ, 1960ರ ದಶಕದಲ್ಲಿ, ಅಮೆರಿಕದ ಕಂಪನಿಗಳು ಬೀಟೆಯ ಕಡೆ ತಿರುಗಿದವು. 2017ರ ಜನವರಿಯಲ್ಲಿ ಬೀಟೆಯ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ಪರವಾನಗಿ ಕಡ್ಡಾಯವಾಯಿತು. ಆಗ ಫೆಂಡರ್ ತನ್ನ ಮೆಕ್ಸಿಕೋ ಕಾರ್ಖಾನೆಯ ಗಿಟಾರುಗಳಿಗೆ ಪಾವ್ ಫೆರೊ ಎಂಬ ದಕ್ಷಿಣ ಅಮೆರಿಕದ ಮರ ಬಳಸತೊಡಗಿತು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಈ ಬದಲಾವಣೆಗಳೆಲ್ಲ ಕಾನೂನಿನ ಕಾರಣಕ್ಕೆ ಆದವು, ನಾದದ ಕಾರಣಕ್ಕಲ್ಲ. ಅಲ್ಲದೆ ನೀವು ತಂತಿ ಒತ್ತಿದಾಗ ಅದು ನಿಲ್ಲುವುದು ಲೋಹದ ಫ್ರೆಟ್ ಮೇಲೆ, ಮರದ ಮೇಲಲ್ಲ. ಆದ್ದರಿಂದ ಪಟ್ಟಿಯ ಮರದ ಹೆಸರಿಗಿಂತ ಫ್ರೆಟ್‌ಗಳ ಕೆಲಸ ನೋಡಿ. ನೆಕ್‌ನ ಅಂಚಿನಲ್ಲಿ ಬೆರಳು ಸವರಿದರೆ ತರಚಬಾರದು.

ತಪ್ಪು ಕಲ್ಪನೆ 3: ಅಮೆರಿಕದ್ದು ಮಾತ್ರ ಗಿಟಾರ್, ಮಿಕ್ಕಿದ್ದೆಲ್ಲ ನಕಲು

ಸತ್ಯ: ಈ ನಂಬಿಕೆಯನ್ನು ಮೊದಲು ಅಲ್ಲಾಡಿಸಿದ್ದು ಜಪಾನ್. ಅಲ್ಲಿನ ತಯಾರಕರು ಅಮೆರಿಕದ ಮಾದರಿಗಳನ್ನು ಎಷ್ಟು ಚೆನ್ನಾಗಿ ಮಾಡತೊಡಗಿದರೆಂದರೆ, 1982ರಲ್ಲಿ ಫೆಂಡರ್ ಕಂಪನಿಯೇ ಜಪಾನಿನಲ್ಲಿ ತಯಾರಿಕೆ ಶುರುಮಾಡಿ ಸ್ಕ್ವೈಯರ್ ಎಂಬ ಕಡಿಮೆ ಬೆಲೆಯ ಸರಣಿ ತಂದಿತು. ಆ ಮೊದಲ ವರ್ಷಗಳ ಸ್ಕ್ವೈಯರ್‌ಗಳನ್ನು ಸಂಗ್ರಹಕಾರರು ಇವತ್ತು ಹುಡುಕಿ ಕೊಳ್ಳುತ್ತಾರೆ. ಇಂಡೋನೇಷ್ಯಾದ ಸುರಬಾಯಾದಲ್ಲಿರುವ ಕಾರ್ಟ್ ಕಂಪನಿಯ ಕಾರ್ಖಾನೆ ತನ್ನ ಹೆಸರಿನಲ್ಲಷ್ಟೇ ಅಲ್ಲ, ಬೇರೆ ದೊಡ್ಡ ಕಂಪನಿಗಳಿಗೂ ಗಿಟಾರ್ ಮಾಡಿಕೊಡುತ್ತದೆ. ಬಾಡಿ, ನೆಕ್‌ಗಳನ್ನು ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಕಡೆಯುವ ಈ ಕಾಲದಲ್ಲಿ ಆಕಾರದ ಅಳತೆ ಯಾವ ದೇಶದಲ್ಲೂ ತಪ್ಪುವುದಿಲ್ಲ.

ಹಾಗಾದರೆ ದುಬಾರಿ ಗಿಟಾರಿಗೆ ಕೊಡುವ ಹೆಚ್ಚಿನ ಹಣ ಎಲ್ಲಿಗೆ ಹೋಗುತ್ತದೆ? ಕೆಲಸಗಾರರ ಕೂಲಿಗೆ, ಫ್ರೆಟ್‌ಗಳ ಅಂಚು ಉಜ್ಜುವ ಸಮಯಕ್ಕೆ, ಒಳ್ಳೆಯ ಟ್ಯೂನರ್, ಸ್ವಿಚ್, ಪಿಕಪ್‌ಗಳಿಗೆ, ಒಂದಷ್ಟು ಹೆಸರಿಗೆ. ಮೊದಲಿನವು ನಿಜವಾದ ಬೆಲೆಯೇ. ಆದರೆ ಅವುಗಳಲ್ಲಿ ಹಲವನ್ನು ಅಗ್ಗದ ಗಿಟಾರಿಗೂ ಆಮೇಲೆ ಒಂದೊಂದಾಗಿ ಮಾಡಿಸಬಹುದು.

ತಪ್ಪು ಕಲ್ಪನೆ 4: ಗಿಟಾರ್ ಹಳೆಯದಾದಷ್ಟೂ ಚಿನ್ನ

ಸತ್ಯ: ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರಾಟೊಕಾಸ್ಟರ್ 2019ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟೀಸ್ ಹರಾಜಿನಲ್ಲಿ 39.75 ಲಕ್ಷ ಡಾಲರ್‌ಗೆ ಹೋಯಿತು. ಆ ಗಿಟಾರಿನ ಕತೆ ಓದಿದವರಿಗೆ ಗೊತ್ತು, ಗಿಲ್ಮೋರ್ ಅದರ ನೆಕ್ ಅನ್ನು ಹಲವು ಸಲ ಬದಲಿಸಿದ್ದರು, ಪಿಕಪ್ ಬದಲಿಸಿದ್ದರು, ಬ್ರಿಡ್ಜ್ ಕಿತ್ತು ಬೇರೆ ಹಾಕಿ ಮತ್ತೆ ಹಳೆಯದಕ್ಕೇ ಮರಳಿದ್ದರು. ಹರಾಜಿನಲ್ಲಿ ಮಾರಾಟವಾದದ್ದು ನುಡಿಸಿದ ಕೈ.

ವಯಸ್ಸು ಗುಣಮಟ್ಟದ ಸರ್ಟಿಫಿಕೇಟ್ ಅಲ್ಲ. ಫೆಂಡರ್ ಕಂಪನಿ 1965ರಿಂದ 1985ರವರೆಗೆ ಸಿಬಿಎಸ್ ಸಂಸ್ಥೆಯ ಕೈಯಲ್ಲಿತ್ತು. ಆ ಕಾಲದ, ಅದರಲ್ಲೂ 1970ರ ದಶಕದ ಹಲವು ಗಿಟಾರುಗಳ ಕೆಲಸದ ಬಗ್ಗೆ ನುಡಿಸುವವರು ಆಗಲೇ ಮೂಗು ಮುರಿದಿದ್ದರು. ಇಂದು ಅವಕ್ಕೂ ವಿಂಟೇಜ್ ಬೆಲೆ ಬಂದಿದೆ. ಮಾಮೂಲಿ ಗಿಟಾರ್ ಹೂಡಿಕೆಯೂ ಅಲ್ಲ. ಅಂಗಡಿಯ ಬಾಗಿಲು ದಾಟಿದ ಕೂಡಲೇ ಅದು ಸೆಕೆಂಡ್ ಹ್ಯಾಂಡ್ ಆಗುತ್ತದೆ. ಕೊಳ್ಳುವವರಿಗೆ ಇದು ಒಳ್ಳೆಯ ಸುದ್ದಿ: ಯಾರೋ ಉತ್ಸಾಹದಲ್ಲಿ ತಂದು ಮೂಲೆಗಿಟ್ಟ ಒಳ್ಳೆಯ ಗಿಟಾರ್ ಕಡಿಮೆ ಬೆಲೆಗೆ ಸಿಗುತ್ತದೆ. ಫ್ರೆಟ್ ಸವೆದಿದೆಯೇ, ನೆಕ್ ತಿರುಚಿದೆಯೇ, ನೆಕ್‌ನ ಬಾಗು ಹೊಂದಿಸುವ ಟ್ರಸ್ ರಾಡ್ ತಿರುಗುತ್ತದೆಯೇ ಎಂದು ನೋಡಿಕೊಂಡರೆ ಸಾಕು. ಮೈಮೇಲಿನ ಗೀರು ನಾದಕ್ಕೆ ಅಡ್ಡ ಬರುವುದಿಲ್ಲ.

ತಪ್ಪು ಕಲ್ಪನೆ 5: ಯೂಟ್ಯೂಬ್‌ನಲ್ಲಿ ಹೋಲಿಸಿ ನೋಡಿದೆ, ಇದೇ ಚೆನ್ನಾಗಿದೆ

ಸತ್ಯ: ನಮ್ಮ ಕಿವಿಗೆ ಒಂದು ದೌರ್ಬಲ್ಯ ಇದೆ. ಎರಡು ಶಬ್ದಗಳಲ್ಲಿ ಕೊಂಚ ಜೋರಾದದ್ದನ್ನು ಅದು ಉತ್ತಮ ಎಂದು ಒಪ್ಪಿಬಿಡುತ್ತದೆ. ಪಿಕಪ್‌ನ ಪಕ್ಕದ ಸ್ಕ್ರೂ ಒಂದೆರಡು ಸುತ್ತು ತಿರುಗಿಸಿ ಅದನ್ನು ತಂತಿಗೆ ಹತ್ತಿರ ತಂದರೆ ಅದೇ ಗಿಟಾರ್ ಜೋರಾಗಿ, ತುಂಬಿದಂತೆ ಕೇಳಿಸುತ್ತದೆ. ವಿಡಿಯೋದಲ್ಲಿ ಒಂದಕ್ಕೆ ಹೊಸ ತಂತಿ, ಇನ್ನೊಂದಕ್ಕೆ ತುಕ್ಕು ಹಿಡಿದ ತಂತಿ ಇದ್ದರೆ ನೀವು ಹೋಲಿಸುತ್ತಿರುವುದು ತಂತಿಗಳನ್ನು. ಮೇಲೆ ಮೈಕ್, ರೆಕಾರ್ಡಿಂಗ್, ನಿಮ್ಮ ಮೊಬೈಲಿನ ಸ್ಪೀಕರ್ ಬೇರೆ.

ಅಂಗಡಿಯಲ್ಲಿ ಹೋಲಿಸುವುದಾದರೆ ಒಂದೇ ಆ್ಯಂಪ್, ಒಂದೇ ಕೇಬಲ್, ಒಂದೇ ಸಾಲು ನುಡಿಸಿ. ಎರಡರ ವಾಲ್ಯೂಮ್ ಸಮ ಮಾಡಿಕೊಳ್ಳಿ. ಆಮೇಲೆ ನೀವು ತಿರುಗಿ ನಿಂತು ಸ್ನೇಹಿತರ ಕೈಯಲ್ಲಿ ನುಡಿಸಿ ಕೇಳಿ. ಬೆಲೆಯ ಚೀಟಿ ಕಾಣದಾಗ ಎಷ್ಟೋ ವ್ಯತ್ಯಾಸ ಮಾಯವಾಗುತ್ತದೆ. ಉಳಿಯುವ ವ್ಯತ್ಯಾಸ ಮಾತ್ರ ನಿಜ. ಸ್ಕೇಲ್ ಉದ್ದ ಅಂಥದ್ದೊಂದು: ಫೆಂಡರ್‌ನ ಸ್ಟ್ರಾಟೊಕಾಸ್ಟರ್‌ಗೆ 25.5 ಇಂಚು, ಗಿಬ್ಸನ್‌ನ ಲೆಸ್ ಪಾಲ್‌ಗೆ ಸುಮಾರು 24.75 ಇಂಚು. ಒಂದೇ ದಪ್ಪದ ತಂತಿ ಎರಡನೆಯದರಲ್ಲಿ ಸ್ವಲ್ಪ ಸಡಿಲ. ಅದನ್ನು ತಿಳಿಯುವುದು ಬೆರಳು, ವಿಡಿಯೋ ಅಲ್ಲ.

ತಪ್ಪು ಕಲ್ಪನೆ 6: ನುಡಿಸಲು ಕಷ್ಟವಾದರೆ ಗಿಟಾರ್ ಬದಲಿಸಬೇಕು

ಸತ್ಯ: ಹೆಚ್ಚಿನ ಸಲ ಬೇಕಾಗಿರುವುದು ಸೆಟಪ್, ಅಂದರೆ ನೆಕ್, ಬ್ರಿಡ್ಜ್, ತಂತಿಗಳನ್ನು ಹೊಂದಿಸುವ ಕೆಲಸ. ಹೊಸ ಗಿಟಾರ್ ಹಡಗಿನಲ್ಲಿ, ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತು ಬಂದಿರುತ್ತದೆ. ಮರ ತೇವ ಹೀರಿ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ನೆಕ್‌ನ ಬಾಗು ಬದಲಾಗುವುದೂ, ಕಲಬುರಗಿಯ ಬೇಸಿಗೆಯಲ್ಲಿ ಪಟ್ಟಿ ಕುಗ್ಗಿ ಫ್ರೆಟ್‌ನ ತುದಿಗಳು ಹೊರಗೆ ಚುಚ್ಚುವುದೂ ಇದೇ ಕಾರಣಕ್ಕೆ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಬೆರಳಿನಿಂದ, ನೆಕ್ ಬಾಡಿಯನ್ನು ಸೇರುವಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ಏಳು ಅಥವಾ ಎಂಟನೆಯ ಫ್ರೆಟ್ ಮೇಲೆ ತಂತಿಗೂ ಲೋಹಕ್ಕೂ ನಡುವೆ ಒಂದು ವಿಸಿಟಿಂಗ್ ಕಾರ್ಡಿನಷ್ಟು ಸಂದು ಇರಬೇಕು, ಅಂದರೆ ಸುಮಾರು ಕಾಲು ಮಿಲಿಮೀಟರ್. ಸಂದು ತುಂಬ ಹೆಚ್ಚಿದ್ದರೆ, ಅಥವಾ ಏನೂ ಇಲ್ಲದಿದ್ದರೆ ಟ್ರಸ್ ರಾಡ್ ಹೊಂದಿಸಬೇಕು. ಎರಡನೆಯದು, 12ನೆಯ ಫ್ರೆಟ್ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಬರುವ ಸ್ವರವನ್ನೂ ಅಲ್ಲೇ ಒತ್ತಿ ಬರುವ ಸ್ವರವನ್ನೂ ಟ್ಯೂನರ್‌ನಲ್ಲಿ ನೋಡಿ. ಎರಡೂ ಒಂದೇ ಇರಬೇಕು. ಒತ್ತಿದ್ದು ಏರಿದ್ದರೆ ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್ ಹಿಂದಕ್ಕೆ ಸರಿಯಬೇಕು, ಇಳಿದಿದ್ದರೆ ಮುಂದಕ್ಕೆ. ಶ್ರುತಿ ನಿಲ್ಲುವುದಿಲ್ಲ, ಬೆರಳು ನೋಯುತ್ತದೆ, ತಂತಿ ಝರ್ ಎನ್ನುತ್ತದೆ ಎಂಬ ದೂರುಗಳಲ್ಲಿ ಬಹುಪಾಲು ಇಲ್ಲೇ ಮುಗಿಯುತ್ತವೆ.

ತಪ್ಪು ಕಲ್ಪನೆ 7: ಆ್ಯಂಪ್ ದೊಡ್ಡದಿದ್ದಷ್ಟೂ ಒಳ್ಳೆಯದು

ಸತ್ಯ: ವಾಟ್ ಹೆಚ್ಚಿದಂತೆ ಶಬ್ದ ಅದೇ ಲೆಕ್ಕದಲ್ಲಿ ಹೆಚ್ಚುವುದಿಲ್ಲ. ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. 100 ವಾಟ್‌ನದು 50 ವಾಟ್‌ನದಕ್ಕಿಂತ ಬರೀ 3 ಡೆಸಿಬಲ್ ಹೆಚ್ಚು. ವಾಲ್ವ್ ಆ್ಯಂಪ್ ಆದರೆ 15 ವಾಟ್‌ನದೇ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರು ಬಾಗಿಲು ತಟ್ಟುವಷ್ಟು ಜೋರು. ಮನೆಗೆ ಸಣ್ಣ ಆ್ಯಂಪ್, ಹೆಡ್‌ಫೋನ್ ಹಾಕಲು ಜಾಗ ಇದ್ದರೆ ಸಾಕು.

ತಪ್ಪು ಕಲ್ಪನೆ 8: ಎಲೆಕ್ಟ್ರಿಕ್ ಗಿಟಾರ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ

ಸತ್ಯ: ಮಾಮೂಲಿ ಪಿಕಪ್‌ನಲ್ಲಿ ಹುಟ್ಟುವ ವಿದ್ಯುತ್ ಯಾರಿಗೂ ತಟ್ಟುವಂಥದ್ದಲ್ಲ. ಅಪಾಯ ಇರುವುದು ಗೋಡೆಯ ಪ್ಲಗ್ಗಿನಲ್ಲಿ. ತಂತಿಗಳು ಬ್ರಿಡ್ಜ್ ಮತ್ತು ಕೇಬಲ್ ಮೂಲಕ ಆ್ಯಂಪ್‌ನ ಅರ್ತ್‌ಗೆ ಸೇರಿರುತ್ತವೆ. ಆ್ಯಂಪ್ ಅಥವಾ ಮೈಕ್ ಸಿಸ್ಟಮ್‌ಗೆ ಸರಿಯಾದ ಅರ್ತಿಂಗ್ ಇಲ್ಲದಿದ್ದರೆ ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇದ್ದಾಗ ಪ್ರಾಣಕ್ಕೇ ಕುತ್ತು. ಸ್ಟೋನ್ ದ ಕ್ರೋಸ್ ತಂಡದ ಲೆಸ್ಲಿ ಹಾರ್ವೆ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಅರ್ತ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಸತ್ತರು. ಗುಂಯ್ ಎನ್ನುವ ಸದ್ದು ನಿಲ್ಲಿಸಲು ಮೂರನೆಯ ಪಿನ್ ಮುರಿಯುವುದು, ಎರಡು ಪಿನ್‌ನ ಅಡಾಪ್ಟರ್ ಹಾಕುವುದು ನಮ್ಮಲ್ಲಿ ಸಾಮಾನ್ಯ. ದಯವಿಟ್ಟು ಮಾಡಬೇಡಿ. ಒಂದೇ ಸುರುಳಿಯ ಪಿಕಪ್‌ಗೆ ಸುತ್ತಲಿನ ವೈರಿಂಗ್‌ನ ಗುಂಯ್‌ಗುಡುವಿಕೆ ಹಿಡಿಯುವುದು ಸಹಜ, ಅದು ದೋಷ ಅಲ್ಲ. ಗಿಬ್ಸನ್‌ನ ಎಂಜಿನಿಯರ್ ಸೇತ್ ಲವರ್ ಅದನ್ನು ಅಳಿಸಲೆಂದೇ 1955ರಲ್ಲಿ ಜೋಡಿ ಸುರುಳಿಯ ಹಂಬಕರ್ ರೂಪಿಸಿದರು.

ತಪ್ಪು ಕಲ್ಪನೆ 9: ಮೊದಲು ಅಕೂಸ್ಟಿಕ್ ಕಲಿಯಬೇಕು, ಎಲೆಕ್ಟ್ರಿಕ್ ರಾಕ್‌ನವರಿಗೆ ಮಾತ್ರ

ಸತ್ಯ: ಎಲೆಕ್ಟ್ರಿಕ್‌ನ ತಂತಿ ತೆಳು. ಸಾಮಾನ್ಯ ಸೆಟ್‌ನ ಮೊದಲ ತಂತಿ 0.009 ಇಂಚು, ಅಕೂಸ್ಟಿಕ್‌ನದು 0.012. ಹೊಸದಾಗಿ ಕಲಿಯುವವರ ಬೆರಳಿಗೆ ಎಲೆಕ್ಟ್ರಿಕ್ಕೇ ಹಗುರ. ರಾಕ್ ಹುಟ್ಟುವುದಕ್ಕೂ ಮೊದಲು, 1930ರ ದಶಕದ ಆರಂಭದಲ್ಲಿ ಬಂದ ಫ್ರೈಯಿಂಗ್ ಪ್ಯಾನ್ ಎಂಬ ಎಲೆಕ್ಟ್ರಿಕ್ ಗಿಟಾರ್ ಹವಾಯಿ ಸಂಗೀತಕ್ಕಾಗಿ ತಯಾರಾದದ್ದು. ನಮ್ಮಲ್ಲಿ ಆರ್. ಪ್ರಸನ್ನ ಇದೇ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿ ತೋರಿಸಿದ್ದಾರೆ. ತಂತಿ ಎಳೆದು ಗಮಕ ತೆಗೆಯಲು ಈ ತೆಳುತನವೇ ಅನುಕೂಲ. ನಿಮಗೆ ಯಾವ ಸಂಗೀತ ಇಷ್ಟವೋ ಅದಕ್ಕೆ ಬೇಕಾದ ಗಿಟಾರಿನಿಂದಲೇ ಶುರುಮಾಡಿ.

ಕೊಳ್ಳಲು ಹೊರಟವರಿಗೆ ಕೊನೆಯದಾಗಿ ಒಂದು ಮಾತು. ಕೈಲಿರುವ ಹಣವನ್ನೆಲ್ಲ ಗಿಟಾರಿಗೇ ಸುರಿಯಬೇಡಿ. ಒಂದು ಪಾಲು ಆ್ಯಂಪ್‌ಗೆ, ಒಂದು ಸಣ್ಣ ಪಾಲು ಸೆಟಪ್ ಮತ್ತು ಹೊಸ ತಂತಿಗೆ ಎತ್ತಿಡಿ. ಮನೆಯಲ್ಲಿ ಆಗಲೇ ಒಂದು ಗಿಟಾರ್ ಇದ್ದರೆ ಅದನ್ನು ಮೊದಲು ಸೆಟಪ್ ಮಾಡಿಸಿ, ತಂತಿ ಬದಲಿಸಿ, ಒಂದು ತಿಂಗಳು ನುಡಿಸಿ. ಆಮೇಲೂ ಹೊಸದು ಬೇಕೆನಿಸಿದರೆ ಕೊಳ್ಳಿ. ಆಗ ಅದರಲ್ಲಿ ಏನು ಹುಡುಕಬೇಕೆಂದು ನಿಮ್ಮ ಬೆರಳಿಗೇ ಗೊತ್ತಿರುತ್ತದೆ.